ಒರತೆಯ ಒಡತಿಗೆ ಮೀನೆಣ್ಣೆ

ನಮ್ಮ ಕಾಲಿಸೆಮಿಯಲ್ಲಿ ಯಾರಿಗಾದರೂ ಕಣ್ಣುರೆಪ್ಪೆಯ ಮೇಲೆ ಕುರು ಎದ್ದರೆ, ಯಾಕೆ ಎದ್ದಿತು ಎಂದು ಯಾರೂ ಕೇಳುವುದಿಲ್ಲ. ಕೇಳುವುದೇನಿದ್ದರೂ ಯಾರನ್ನು ನೋಡಿದೆ ಎಂದು. ಮೀಯುವವರನ್ನು ಕದ್ದು ನೋಡಿದ ಕಣ್ಣಿಗೆ ಕುರು ಏಳುತ್ತದೆ. ಇದು ನನ್ನ ಅಜ್ಜಿ ಹೇಳಿದ್ದು, ಅವಳಿಗೆ ಅವಳ ಅಜ್ಜಿ ಹೇಳಿದ್ದು. ಹೊಸದಾಗಿ ಮದುವೆಯಾದ ಗಂಡಿಗೆ ಎದ್ದರೆ ಊರು ನಗುತ್ತದೆ. ಐವತ್ತೈದರ ಗಂಡಸಿಗೆ, ಅದೂ ಹೆಂಗಸರು ಮೀಯುವ ಒರತೆಯನ್ನು ಕಾಯುವವನಿಗೆ, ಒಂದೇ ವರ್ಷದಲ್ಲಿ ನಾಲ್ಕು ಸಲ ಎದ್ದರೆ ನಗುವುದಿಲ್ಲ. ಆ ಗಂಡಸು ನನ್ನ ಗಂಡ, ಕಾಸ್ಮುರಿ.

ಒರತೆ ಕಾಯುವ ಕೆಲಸ ಅವರಿಗೆ ಅವರಪ್ಪನಿಂದ ಬಂತು, ಅಪ್ಪನಿಗೆ ಅಜ್ಜನಿಂದ. ಕಲ್ಲಿನ ಪಾಚಿ ಉಜ್ಜಬೇಕು, ಬಿದಿರಿನ ಕೊಳವೆಗಳಲ್ಲಿ ಕಸ ಕಟ್ಟಿದರೆ ಬಿಡಿಸಬೇಕು, ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಇರುವ ಬಿದಿರ ತಟ್ಟಿ ಹಳತಾದರೆ ಹೊಸದು ಹೆಣೆಯಬೇಕು. ಬೆಳಕು ಹರಿದು ಹೆಂಗಸರು ಇಳಿದು ಬರುವ ಹೊತ್ತಿಗೆ ಜೋರಾಗಿ ಕೆಮ್ಮುತ್ತ ಅಲ್ಲಿಂದ ಎದ್ದು ಬರಬೇಕು. ಆ ಕೆಲಸದಿಂದ ನಾವು ಬದುಕುತ್ತೇವೆ ಎಂದಲ್ಲ. ಆದರೆ ಆ ಪೊರಕೆ ಕೈಯಲ್ಲಿಲ್ಲದಿದ್ದರೆ ನನ್ನ ಗಂಡ ಯಾರು ಎಂದು ಅವರಿಗೇ ಗೊತ್ತಾಗುವುದಿಲ್ಲ. ಮೂರು ದಿನ ಜ್ವರ ಬಂದು ಮಲಗಿದರೂ ಕೊಳವೆ ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸುವ ಮನುಷ್ಯ.

ನನ್ನ ಕೆಲಸ ಜಮು. ಬೆಳಗಿನ ಜಾವ ಎದ್ದು ಅರಿಸಿನ, ಹುಣಸೆ, ಶುಂಠಿ, ಅಮೃತಬಳ್ಳಿ ಎಲ್ಲ ಅರೆದು ಕುದಿಸಿ ಎಂಟು ಬಾಟಲಿಗೆ ತುಂಬುತ್ತೇನೆ, ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಮನೆಮನೆಗೂ ಹೋಗಿ ಕುಡಿಸಿ ಬರುತ್ತೇನೆ. ಸೊಂಟನೋವಿನವರು, ಬಾಣಂತಿಯರು, ಹಸಿವಾಗದ ಮುದುಕರು, ಎಲ್ಲರಿಗೂ ನನ್ನ ಲೋಟವೇ ಬೇಕು. ಯು ಕಪ್ತಿ, ಅಂದರೆ ಕಪ್ತಿ ಅಕ್ಕ, ಬಂದಳೆಂದರೆ ಕಾಯಿಲೆ ಓಡಿತು ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನ ಎಂಟು ಬಾಟಲಿಗಳಲ್ಲಿ ಒಂದೂ ಗಂಡನ ಕಣ್ಣಿಗೆ ನಾಟಲಿಲ್ಲ. ವೀಳ್ಯದೆಲೆ ಬಿಸಿ ಮಾಡಿ ಒತ್ತಿದೆ, ಕಹಿ ಕುಡಿಸಿದೆ, ಇನ್ನಷ್ಟು ಕಹಿ ಕುಡಿಸಿದೆ. ಒಂದು ಕುರು ಒಡೆದು ಒಣಗುವಷ್ಟರಲ್ಲಿ ಇನ್ನೊಂದು. ರೆಪ್ಪೆಯ ಅಂಚು ಯಾವಾಗಲೂ ಕೆಂಪಗೆ, ಬೆಳಿಗ್ಗೆ ಎದ್ದರೆ ರೆಪ್ಪೆಗೂದಲು ಅಂಟಿಕೊಂಡಿರುತ್ತಿತ್ತು.

ಮೊದಲ ಎರಡು ಕುರುವಿಗೆ ತಮಾಷೆ ಮಾಡಿದರು. ಮೂರನೆಯದಕ್ಕೆ ನಾನು ಹೋದಕೂಡಲೇ ಮಾತು ನಿಲ್ಲಿಸಿದರು. ನಾಲ್ಕನೆಯದಕ್ಕೆ, ಎದುರು ಮನೆಯ ಸೊಸೆ ಜಮು ಕುಡಿದು ಲೋಟ ವಾಪಸು ಕೊಡುತ್ತ, "ಹುಣಸೆ ಮರ ಮುಪ್ಪಾದ್ರೂ ಹುಳಿ ಮುಪ್ಪಾಗಲ್ವಂತೆ, ಹೌದಾ ಯು?" ಎಂದಳು. ನಾನು ಬಾಟಲಿಗೆ ಮುಚ್ಚಳ ಹಾಕಿ ಮುಂದಿನ ಮನೆಗೆ ನಡೆದೆ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಸರಿಯಾಗಿ ಗೊತ್ತಿರಲಿಲ್ಲ.

ಆ ವಾರವೇ ಕೇರಿಯ ಮುಖ್ಯಸ್ಥ ಪಾಕ್ ಸುಬಾರಿ, ಅಂದರೆ ಸುಬಾರಿ ಯಜಮಾನರು, ಮನೆಗೆ ಬಂದರು. ಜೊತೆಗೆ ಬುಡೆ ಗಿನೆಮ್. ಬುಡೆ ಎಂದರೆ ದೊಡ್ಡಮ್ಮ; ಇವರು ಕೇರಿಯ ಹೆಂಗಸರಿಗೆಲ್ಲ ದೊಡ್ಡಮ್ಮನೇ, ಎಪ್ಪತ್ತರ ಹತ್ತಿರ. ಅವರು ಹೂಂ ಎನ್ನದೆ ಕಾಲಿಸೆಮಿಯಲ್ಲಿ ಒಂದು ಮದುವೆಯೂ ಆಗುವುದಿಲ್ಲ. ಚಹಾ ಕೊಟ್ಟೆ, ಕರಿದ ಮರಗೆಣಸು ಇಟ್ಟೆ. ಪಾಕ್ ಸುಬಾರಿ ಮಳೆಯ ವಿಷಯ ಮಾತಾಡಿದರು, ಕೋಳಿ ವಿಷಯ ಮಾತಾಡಿದರು. ಬುಡೆಗೆ ತಾಳ್ಮೆ ಮುಗಿಯಿತು.

"ಕಾಸ್ಮುರಿ, ನಿನ್ನನ್ನ ಅಂಗಿ ಹಾಕದ ವಯಸ್ಸಿಂದ ನೋಡಿದೀನಿ. ನೀನು ಅಂಥವನು ಅಂತ ನಾನು ಅನ್ನಲ್ಲ. ಆದ್ರೆ ಹುಡುಗೀರು ಮೀಯೋಕೆ ಇಳಿಯಲ್ಲ ಅಂತಿದಾರೆ. ಅವರಿಗೆ ಏನಂತ ಹೇಳ್ಲಿ?"

"ನಾನು ನೋಡಿಲ್ಲ ಬುಡೆ," ಎಂದರು ನನ್ನ ಗಂಡ. ಹಾಗೆನ್ನುವಾಗ ಅವರ ಕೈ ಕಣ್ಣಿನ ಹತ್ತಿರ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಬುಡೆ ಅದನ್ನು ನೋಡಿದರು. ನಾನೂ ನೋಡಿದೆ.

ಕೊನೆಗೆ ಪಾಕ್ ಸುಬಾರಿ ತೀರ್ಮಾನ ಹೇಳಿದರು. ಇನ್ನು ಮೂರು ತಿಂಗಳಿಗೆ ಒರತೆ ತೊಳೆಯುವ ಹಬ್ಬ. ಅಷ್ಟರೊಳಗೆ ಕಣ್ಣು ಶುದ್ಧವಾದರೆ ಸರಿ. ಇಲ್ಲವಾದರೆ ಆ ದಿನ ಎಲ್ಲರ ಮುಂದೆ ಪೊರಕೆಯನ್ನು ಬೇರೆಯವರ ಕೈಗೆ ಕೊಡಬೇಕು. ಅವರು ಹೋದ ಮೇಲೆ ನನ್ನ ಗಂಡ ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದರು. ಸೀಳಿದ್ದನ್ನೇ ಮತ್ತೆ ಸೀಳಿದರು, ಕಡ್ಡಿಯಾಗುವವರೆಗೆ.

ಮಾರನೆಯ ದಿನ ಅವರನ್ನು ಕೆಳಗಿನ ಪೇಟೆಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಜಮು ಮಾರುವವಳು ಗಂಡನನ್ನು ಆಸ್ಪತ್ರೆಗೆ ಕರೆತಂದಳು ಎಂದು ಯಾರಾದರೂ ನೋಡಿದರೆ ನನ್ನ ವ್ಯಾಪಾರಕ್ಕೆ ಒಳ್ಳೆಯದಲ್ಲ. ತಲೆಗೆ ಸೆರಗು ಇಳಿಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತೆ. ಡಾಕ್ಟರ್ ರೆಟ್ನೊ ಎಂದು, ಚಿಕ್ಕ ವಯಸ್ಸಿನ ಹೆಂಗಸು. ರೆಪ್ಪೆಯನ್ನು ಮಗುಚಿ ದೀಪ ಹಿಡಿದು ನೋಡಿದರು.

"ಪಾಕ್, ರೆಪ್ಪೆ ಅಂಚಲ್ಲಿ ಎಣ್ಣೆ ಒಸರೋ ಸಣ್ಣ ಸಣ್ಣ ತೂತುಗಳಿರ್ತವೆ. ನಿಮಗೆ ಅವು ಮುಚ್ಚಿಕೊಳ್ತಾವೆ. ಅದಕ್ಕೇ ಅಂಚು ಕೆಂಪಾಗೋದು, ಪದೇಪದೇ ಕುರು ಏಳೋದು. ಇದು ಒಂದು ಸಲಕ್ಕೆ ವಾಸಿಯಾಗಿ ಹೋಗೋ ಕಾಯಿಲೆ ಅಲ್ಲ. ದಿನಾ ನೋಡಿಕೊಂಡ್ರೆ ಸುಮ್ಮನಿರತ್ತೆ, ಬಿಟ್ರೆ ಮತ್ತೆ ಬರತ್ತೆ."

ನನ್ನ ಗಂಡ ಕೇಳಿದರು: "ನೋಡಬಾರದ್ದನ್ನ ನೋಡಿದ್ರೆ ಬರೋದಲ್ವಾ ಇದು?"

"ಹಾಗಿದ್ದಿದ್ರೆ ಈ ಜಿಲ್ಲೇಲಿ ಗಂಡಸರಿಗೆ ಆಸ್ಪತ್ರೆ ಮಂಚ ಸಾಲ್ತಿರಲಿಲ್ಲ ಪಾಕ್."

ನಾನು ಸೆರಗಿನೊಳಗೆ ನಕ್ಕೆ. ಎಷ್ಟೋ ದಿನಗಳ ಮೇಲೆ ನಕ್ಕದ್ದು. ಡಾಕ್ಟರ್ ಏನು ತಿನ್ನುತ್ತೀರಿ ಎಂದು ಕೇಳಿದರು. ಗುಡ್ಡದವರು ನಾವು, ಅನ್ನ, ಮರಗೆಣಸು, ಹುದುಗಿಸಿದ ಸೋಯಾಕಾಳಿನ ತೆಂಪೆ. ಸಮುದ್ರದ ಮೀನು ಕಾಣುವುದು ಯಾರದಾದರೂ ಮದುವೆಯಲ್ಲಿ. ಅವರು ತಲೆಯಾಡಿಸಿ, ಬೆಳಿಗ್ಗೆ ಸಂಜೆ ಬಿಸಿಬಟ್ಟೆಯ ಶಾಖ, ಆಮೇಲೆ ರೆಪ್ಪೆಯ ಅಂಚನ್ನು ಒರೆಸುವುದು, ದಿನಕ್ಕೊಂದು ಮೀನೆಣ್ಣೆಯ ವಿಟಮಿನ್ ಗುಳಿಗೆ ಊಟದ ಜೊತೆ, ಎಂದು ಬರೆದರು. ಎಲ್ಲರಿಗೂ ಗುಳಿಗೆಯಿಂದ ಗುಣ ಕಾಣುತ್ತದೆ ಎಂದು ಹೇಳಲಾಗದು, ನಿಮಗೆ ಕೊಟ್ಟು ನೋಡೋಣ ಎಂದರು. ಅವರ ಬಟ್ಟೆಯನ್ನು ನೀವು ಬಳಸಬೇಡಿ ಎಂದು ನನಗೆ ಬೇರೆ ಹೇಳಿದರು. ಮೂವತ್ತೊಂದು ವರ್ಷ ಒಂದೇ ಚಾಪೆಯಲ್ಲಿ ಮಲಗಿದ ಮೇಲೆ ಬಟ್ಟೆ ಬೇರೆ ಇಡಬೇಕಂತೆ ಎಂದು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಗುಳಿಗೆ ಅಂದರೆ ಹಳದಿ ಬಣ್ಣದ್ದು, ಬೆಳಕಿಗೆ ಹಿಡಿದರೆ ಒಳಗಿನ ಎಣ್ಣೆ ಕಾಣುತ್ತಿತ್ತು. ದಿನಾ ಬೆಳಗಿನ ಜಾವ ಶಾಖ ಕೊಟ್ಟು, ಒಂದು ಗುಳಿಗೆಯನ್ನು ಅವರ ಅಂಗೈಗೆ ಹಾಕುತ್ತಿದ್ದೆ. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದು, "ಅಲ್ಲೇ ಬುತ್ತಿ ಜೊತೆ ತಗೋತೀನಿ," ಎಂದು ಪೊರಕೆ ಹೆಗಲಿಗೇರಿಸಿ ಒರತೆಗೆ ಹೋಗುತ್ತಿದ್ದರು. ಊಟದ ಜೊತೆ ಎಂದು ಡಾಕ್ಟರೇ ಹೇಳಿದ್ದರಲ್ಲ. ನಾನು ಒಂದು ತುತ್ತು ಅನ್ನವನ್ನು ಬಾಳೆಲೆಯಲ್ಲಿ ಕಟ್ಟಿ ಕೊಡುತ್ತಿದ್ದೆ.

ಐದು ವಾರ ಕಳೆಯಿತು. ಐದನೆಯ ಕುರು ಎದ್ದಿತು, ಈ ಸಲ ಎಡಗಣ್ಣಿಗೆ.

ಡಾಕ್ಟರ್ ರೆಟ್ನೊ ಮತ್ತೆ ದೀಪ ಹಿಡಿದು ನೋಡಿದರು. ಶಾಖ ಕೊಡುತ್ತಿದ್ದೀರಾ ಎಂದರು, ಹೌದು. ಗುಳಿಗೆ ತಪ್ಪಿಸಿಲ್ಲವಲ್ಲ ಎಂದರು. ನನ್ನ ಗಂಡ ನೆಲ ನೋಡುತ್ತ, "ಒಂದು ದಿನಾನೂ ತಪ್ಪಿಸಿಲ್ಲ," ಎಂದರು. ವಿಚಿತ್ರ, ಸ್ವಲ್ಪವಾದರೂ ಇಳಿಯಬೇಕಿತ್ತು ಎಂದು ಅವರು ಪೆನ್ನಿನಿಂದ ಮೇಜು ಕುಟ್ಟಿದರು.

ಈಗ ನಾನು ಹೇಳಲೇಬೇಕು. ಆ ಸಂಜೆ ಬೆಟ್ಟ ಹತ್ತಿ ಬರುವಾಗ ನನ್ನ ಹೊಟ್ಟೆಯೊಳಗೆ ಅನುಮಾನ ಸೇರಿಕೊಂಡಿತು. ಔಷಧಿ ಕೊಟ್ಟರೂ ಹೋಗದ ಕಾಯಿಲೆ ಎಂದರೆ ಅದು ಕಾಯಿಲೆಯೇ ಅಲ್ಲವೇನೋ. ಅಜ್ಜಿಯರು ಸುಮ್ಮನೆ ಹೇಳುತ್ತಾರೆಯೇ? ಬೆಂಕಿ ಇಲ್ಲದೆ ಹೊಗೆ ಏಳುತ್ತದೆಯೇ? ಬುಡೆಯ ಎದುರು ಕೈ ಯಾಕೆ ಕಣ್ಣಿಗೆ ಹೋಯಿತು? ಡಾಕ್ಟರ ಎದುರು ನೆಲ ಯಾಕೆ ನೋಡಿದರು? ಪಕ್ಕದಲ್ಲಿ ನಡೆಯುತ್ತಿದ್ದವರು ನನ್ನ ಬುಟ್ಟಿಯನ್ನು ತಾವೇ ಹೊತ್ತುಕೊಂಡಿದ್ದರು. ಮದುವೆಯಾದಾಗಿನಿಂದ ಹಾಗೆಯೇ. ಕಾಂಗ್ ಎಂದು ಅವರನ್ನು ಕರೆದು ನಾನು ಕೇಳುವ ಮೊದಲೇ ನೀರು ತಂದಿಡುತ್ತಾರೆ, ಒಂದು ದಿನ ಏರುದನಿಯಲ್ಲಿ ಮಾತಾಡಿದವರಲ್ಲ. ಕೇರಿಯ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಿದ್ದರು. ಇಷ್ಟು ಒಳ್ಳೆಯತನ ಏನನ್ನಾದರೂ ಮುಚ್ಚುವುದಕ್ಕೇ ಇರಬೇಕು ಎಂದು ಆ ಸಂಜೆ ನನಗೆ ಹೊಳೆಯಿತು. ಅನುಮಾನ ಬಂದವಳಿಗೆ ಎಲ್ಲವೂ ಸಾಕ್ಷಿಯೇ.

ಮಾರನೆಯ ಬೆಳಗಿನ ಜಾವ ಅವರು ಹೋದ ಮೇಲೆ ನಾನೂ ಹಿಂದೆ ಹೊರಟೆ. ಜಮು ಒಲೆಯ ಮೇಲೇ ಬಿಟ್ಟೆ. ಕಾಲುದಾರಿ ಬಿಟ್ಟು ಗೆಣಸಿನ ಹೊಲದೊಳಗಿಂದ ಇಳಿದು, ಒರತೆಯ ಮೇಲಿನ ಬಿದಿರ ಮೆಳೆಯ ಹಿಂದೆ ಕೂತೆ. ಸೊಳ್ಳೆ ಮುತ್ತಿದವು. ಹೆಂಗಸರು ಬರುವ ಹೊತ್ತಿಗೆ ಈ ಮನುಷ್ಯ ಎಲ್ಲಿ ಅಡಗುತ್ತಾನೆ, ನೋಡೇಬಿಡೋಣ ಎಂದು ಹಲ್ಲು ಕಚ್ಚಿಕೊಂಡು ಕಾದೆ.

ಅವರು ಪಾಚಿ ಉಜ್ಜಿದರು. ಕೊಳವೆಗೆ ಕಡ್ಡಿ ಹಾಕಿ ಕಸ ತೆಗೆದರು. ಪೂರ್ವ ಬೆಳ್ಳಗಾಗುತ್ತಿತ್ತು. ಆಮೇಲೆ ಒರತೆಯ ಕಣ್ಣಿನ ಹತ್ತಿರ, ನ್ಯಾಯಿಗೆ ಹೂವಿಡುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ನ್ಯಾಯಿ ಎಂದರೆ ಒರತೆಯ ಒಡತಿ, ಯಾರೂ ಕಂಡವಳಲ್ಲ, ಎಲ್ಲರೂ ಅವಳಿಗೆ ಹೆದರುತ್ತಾರೆ. ನನ್ನ ಗಂಡ ಬಾಳೆಲೆಯ ಕಟ್ಟು ಬಿಚ್ಚಿದರು, ಅನ್ನದ ತುತ್ತನ್ನು ಕಲ್ಲಿನ ಮೇಲೆ ಇಟ್ಟರು, ಮುಷ್ಟಿ ತೆರೆದು ಹಳದಿ ಗುಳಿಗೆಯನ್ನು ಅನ್ನದ ನೆತ್ತಿಯ ಮೇಲೆ ಕೂರಿಸಿದರು.

"ನ್ಯಾಯಿ, ಇವತ್ತಿಂದು ತಗೊಳ್ಳಿ. ಊಟದ ಜೊತೆ ತಗೋಬೇಕಂತೆ, ಅದಕ್ಕೇ ಅನ್ನಾನೂ ಇಟ್ಟಿದೀನಿ. ಒಳ್ಳೇ ಔಷಧಿ ಅಂತೆ. ಇಷ್ಟು ದಿನ ಕೊಟ್ರೂ ನಿಮ್ಮ ಸಿಟ್ಟು ಇಳೀಲಿಲ್ಲ."

 ಅವರು ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಮನೆಯ ಹಿರಿಯರ ಹತ್ತಿರ ಮಾತಾಡುವ ಹಾಗೆ ಮುಂದುವರಿಸಿದರು.

"ಒಂದು ಸಲ ನೋಡಿದ್ದು ನಿಜ. ಇಲ್ಲ ಅನ್ನಲ್ಲ. ಮೂವತ್ತೊಂದು ವರ್ಷದ ಹಿಂದೆ, ಕಪ್ತೀನ. ಆಗ ಇನ್ನೂ ಹೆಣ್ಣು ಕೇಳಿರಲಿಲ್ಲ ಅವರ ಮನೇಲಿ. ಅವತ್ತೇ ಕಣ್ಣು ಕೀಳ್ಬೇಕಿತ್ತು ನೀವು, ಬಿಟ್ರಿ. ಅವಳನ್ನೇ ಮದುವೆ ಆದೆ, ಅವಳ ಮನಸ್ಸು ನೋಯದ ಹಾಗೆ ನಡಕೊಂಡೆ. ಇನ್ನೂ ಸಾಲ್ದಾ? ಅವಳಿಗೆ ಗೊತ್ತಾದ್ರೆ ನನ್ನ ಮುಖಕ್ಕೆ ಉಗೀತಾಳೆ. ಪೊರಕೆ ಬೇಕಾದ್ರೆ ತಗೊಳ್ಳಿ ನ್ಯಾಯಿ, ಅವಳಿಗೆ ಮಾತ್ರ ಗೊತ್ತಾಗೋದು ಬೇಡ."

ಮೇಲಿನ ದಾರಿಯಲ್ಲಿ ಹೆಂಗಸರ ಮಾತು ಕೇಳಿಸಿತು. ಅವರು ಥಟ್ಟನೆ ಎದ್ದು, ಕೆಮ್ಮುತ್ತ, ಕಣ್ಣು ಪಾದದ ಮೇಲಿಟ್ಟುಕೊಂಡು ಗಂಡಸರ ದಾರಿಯಲ್ಲಿ ಹತ್ತಿ ಹೋದರು. ಕಲ್ಲಿನ ಮೇಲಿನ ಅನ್ನಕ್ಕೆ ಇರುವೆ ಬರುವ ಮೊದಲೇ ಬುಲ್‌ಬುಲ್ ಹಕ್ಕಿಯೊಂದು ಬಂದು ತುತ್ತನ್ನು ಕೆದಕಿತು. ಗುಳಿಗೆ ಉರುಳಿ ನೀರಿಗೆ ಬಿತ್ತು. ಐದು ವಾರದ ಗುಳಿಗೆಗಳೂ ಹೀಗೆಯೇ ಹೋಗಿದ್ದವು. ನಾನು ಮೆಳೆಯ ಹಿಂದೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನಗುವೂ ಅಳುವೂ ಒಟ್ಟಿಗೆ ಬಂದರೆ ಯಾವುದನ್ನು ಮೊದಲು ತಡೆಯಬೇಕು ಎಂದು ತಿಳಿಯುವುದಿಲ್ಲ.

ಹೇಳುವುದು ಹೇಗೆ? ಗುಳಿಗೆಯನ್ನು ನ್ಯಾಯಿಗೆ ಕೊಡುತ್ತಿದ್ದೀರಿ ಎಂದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಹಿಂದೆ ಬಂದಿದ್ದೆ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳುವಷ್ಟು ಬಾಯಿ ನನಗಿರಲಿಲ್ಲ. ಮೂರು ದಿನ ಇಲ್ಲಿಯೇ ನುಂಗಿ, ನನ್ನೆದುರಿಗೇ ನುಂಗಿ ಎಂದು ಪೀಡಿಸಿದೆ. ಖಾಲಿ ಹೊಟ್ಟೆಯಲ್ಲಿ ಬೇಡ ಎಂದು ಅವರು ಜಾರಿಕೊಂಡರು.

ನಾಲ್ಕನೆಯ ದಿನ ಎದ್ದಾಗ ನನ್ನ ಬಲಗಣ್ಣು ತೆರೆಯಲಿಲ್ಲ. ಕನ್ನಡಿ ನೋಡಿದೆ. ರೆಪ್ಪೆಯ ಮೇಲೆ ಕಡಲೆಕಾಳಿನಷ್ಟು ದಪ್ಪ ಕುರು.

ಅವತ್ತು ಜಮು ಮಾರುವುದಕ್ಕೆ ಹೋಗಲೇಬಾರದಿತ್ತು. ಹೋದೆ. ಮೊದಲ ಮನೆಯಿಂದಲೇ ಶುರುವಾಯಿತು. "ಯು, ಯಾರನ್ನ ನೋಡ್ದೆ?" "ಪಾಕ್ ಸುಬಾರಿ ಮೀಯೋವಾಗ ಹೋಗಿದ್ದಾ?" "ಆ ಹೊಟ್ಟೇನ ನೋಡಿದ್ರೆ ಎರಡೂ ಕಣ್ಣಿಗೆ ಏಳ್ಬೇಕಿತ್ತು ಕಣೆ." ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನನ್ನ ಗಂಡನ ಕಣ್ಣಿನ ಕುರು ಅಪರಾಧ, ನನ್ನದು ತಮಾಷೆ. ನನ್ನ ಬಾಟಲಿ ಕಿತ್ತುಕೊಳ್ಳುತ್ತೇವೆ ಎಂದು ಯಾರೂ ಅನ್ನಲಿಲ್ಲ. ನಕ್ಕು ನಕ್ಕು ಮನೆಗೆ ಬಂದ ಮೇಲೆ ಬುಟ್ಟಿ ಇಳಿಸಿ ಮತ್ತೆ ಕನ್ನಡಿ ನೋಡಿಕೊಂಡೆ. ನಾನು ನಿಜಕ್ಕೂ ಕದ್ದು ನೋಡಿದ್ದೆನಲ್ಲ.

ನನ್ನ ಗಂಡ ಒಲೆಯ ಮುಂದೆ ನೀರು ಕಾಯಿಸಿಟ್ಟುಕೊಂಡು ಕೂತಿದ್ದರು. ಬಟ್ಟೆ ಅದ್ದಿ ಹಿಂಡಿ ನನ್ನ ಕಣ್ಣಿನ ಮೇಲೆ ಇಟ್ಟರು. ಅವರ ಕಣ್ಣಿನ ಕುರು ಹಾಗೇ ಇತ್ತು. ಇಬ್ಬರೂ ಒಂದೊಂದು ಕಣ್ಣಲ್ಲಿ ಒಬ್ಬರನ್ನೊಬ್ಬರು ನೋಡಿದೆವು.

"ಯಾರನ್ನ ನೋಡ್ದೆ?" ಎಂದರು, ತಮಾಷೆಗೆ.

"ನಿಮ್ಮನ್ನ."

ಅವರ ಕೈ ನಿಂತಿತು.

"ಅನುಮಾನ ಬಂತು ಕಾಂಗ್. ಹಿಂದೆ ಬಂದೆ. ಬಿದಿರ ಮೆಳೆ ಹಿಂದೆ ಕೂತಿದ್ದೆ. ನ್ಯಾಯಿ ಹತ್ರ ನೀವು ಹೇಳಿದ್ದೆಲ್ಲ ಕೇಳಿಸ್ಕೊಂಡೆ."

"ಎಲ್ಲಾನೂ?"

"ಎಲ್ಲಾನೂ."

ಕಿವಿಯವರೆಗೂ ಕೆಂಪಾದರು. ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದರು, ಹಿಂಡುವುದನ್ನು ಮರೆತು ಅಲ್ಲೇ ಹಿಡಿದುಕೊಂಡರು. ಐವತ್ತೈದು ವರ್ಷದವರು, ಮೊಮ್ಮಗುವಿನ ತಾತ, ಬೈಗುಳಕ್ಕೆ ಕಾಯುವ ಮಗುವಿನ ಹಾಗೆ ತಲೆ ತಗ್ಗಿಸಿ ಕೂತರು. ನನಗೆ ಆಗ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಬಾಯಿ ಬಿಟ್ಟು ಹೇಳಿಬಿಡಬೇಕಿತ್ತು. ಆದರೆ ನೀರು ತಂದಿಡುವುದು, ಬುಟ್ಟಿ ಹೊರುವುದು, ಏರುದನಿ ಎತ್ತದಿರುವುದು ಇವೆಲ್ಲ ಯಾಕೆ ಎಂದು ಈಗ ನನಗೆ ತಿಳಿದಿತ್ತು; ಆ ಮಾತು ಹೇಳಿದರೆ ಅವೆಲ್ಲ ನಿಂತುಹೋದರೆ?  ಬದಲಿಗೆ ಗುಳಿಗೆಯ ಡಬ್ಬಿ ತಂದೆ.

"ನುಂಗಿ."

"ನ್ಯಾಯಿಗೆ?"

"ನ್ಯಾಯಿಗೆ ರೆಪ್ಪೆ ಇದೆಯಾ? ಹೂವಿಡಿ ಸಾಕು. ಸಿಹಿನೀರಲ್ಲಿ ಇರೋಳಿಗೆ ದಿನಾ ಸಮುದ್ರದ ಮೀನಿನ ವಾಸನೆ ಕುಡಿಸಿದೀರಿ, ಸಿಟ್ಟು ಬರ್ದೆ ಏನಾಗತ್ತೆ?"

ಅದನ್ನು ಅವರು ನಿಜವಾಗಿಯೂ ಯೋಚಿಸಿದರು. ಹೌದಲ್ಲ ಎನ್ನುವ ಮುಖ ಮಾಡಿದರು. ಅನ್ನದ ತಟ್ಟೆ ಮುಂದಿಟ್ಟೆ. ಅವರು ಗುಳಿಗೆ ನುಂಗಿದರು, ನಾನು ನನ್ನ ಮಾತು ನುಂಗಿದೆ.

ಡಾಕ್ಟರ್ ರೆಟ್ನೊಗೆ ಎಲ್ಲ ಹೇಳಿದಾಗ ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನನ್ನ ಕುರುವಿಗೆ ಕಾರಣ ಗಂಡನ ಮುಖ ಒರೆಸಿದ ಬಟ್ಟೆಯಿಂದಲೇ ನನ್ನ ಮುಖ ಒರೆಸಿಕೊಂಡದ್ದು ಎಂದು ಬೈದರು. ಅವತ್ತಿನಿಂದ ನಮ್ಮ ಮನೆಯಲ್ಲಿ ನೀಲಿ ಬಟ್ಟೆ ಅವರದು, ಹಸಿರು ನನ್ನದು. ನನ್ನದು ಹತ್ತು ದಿನಕ್ಕೆ ಇಳಿಯಿತು. ಅವರದು ನಿಧಾನ. ಎರಡು ವಾರಕ್ಕೆ ಎಡಗಣ್ಣಿನ ಕುರು ಬತ್ತಿತು, ತಿಂಗಳಾದ ಮೇಲೆ ಬೆಳಿಗ್ಗೆ ರೆಪ್ಪೆಗೂದಲು ಅಂಟುವುದು ನಿಂತಿತು. ಗುಳಿಗೆಯೋ, ಶಾಖವೋ, ಒರೆಸಿದ್ದೋ ಎಂದು ಕೇಳಿದರೆ ಡಾಕ್ಟರೂ ಬಿಡಿಸಿ ಹೇಳಲಿಲ್ಲ. ಮೂರನ್ನೂ ಬಿಡಬೇಡಿ ಎಂದರು, ಅಷ್ಟೆ. ಇದು ಹೋಗುವ ಕಾಯಿಲೆಯಲ್ಲ, ಜೊತೆಗೆ ಇಟ್ಟುಕೊಂಡು ಸುಮ್ಮನಿರಿಸುವ ಕಾಯಿಲೆ. ಈಗಲೂ ಅವರು ತೇಗಿದಾಗ ಮೀನಿನ ವಾಸನೆ ಬಂದರೆ ಇವತ್ತು ತಗೊಂಡಿದ್ದಾರೆ ಎಂದು ನನಗೆ ನೆಮ್ಮದಿ.

ಒರತೆ ತೊಳೆಯುವ ಶುಕ್ರವಾರ ಬಂತು. ಕೇರಿಯವರೆಲ್ಲ ಇಳಿದು ಬಂದಿದ್ದರು. ಗಂಡಸರು ಕೊಳದ ನೀರು ಖಾಲಿ ಮಾಡಿ ಕೆಸರು ಎತ್ತಿದರು, ಹೆಂಗಸರು ಅರಿಸಿನದನ್ನದ ಗೋಪುರ ಮಾಡಿ ಬಾಳೆಲೆಯ ಮೇಲೆ ಇಟ್ಟಿದ್ದರು. ಊಟಕ್ಕೆ ಮೊದಲು ಪಾಕ್ ಸುಬಾರಿ ನನ್ನ ಗಂಡನನ್ನು ಬಿಸಿಲಿಗೆ ನಿಲ್ಲಿಸಿ, ಸಂತೆಯಲ್ಲಿ ಆಡಿನ ಕಣ್ಣು ನೋಡುವ ಹಾಗೆ ಹೆಬ್ಬೆರಳಿನಿಂದ ಒಂದೊಂದೇ ರೆಪ್ಪೆ ಎತ್ತಿ ನೋಡಿದರು. ಕೆಂಪಿಲ್ಲ, ಗಂಟಿಲ್ಲ. "ಶುದ್ಧವಾಗಿದೆ," ಎಂದರು. 

"ಕಣ್ಣು ಶುದ್ಧ ಆಯ್ತು," ಎಂದರು ಬುಡೆ ಗಿನೆಮ್. "ಮನಸ್ಸೂ ಶುದ್ಧ ಅಂತ ಅವನ ಬಾಯಲ್ಲೇ ಕೇಳಿದ್ರೆ ಹುಡುಗೀರಿಗೂ ಧೈರ್ಯ. ಕಾಸ್ಮುರಿ, ನೀರಲ್ಲಿ ಕೈ ಇಟ್ಟು ಹೇಳಪ್ಪ. ಯಾವತ್ತೂ ನೋಡಿಲ್ಲ ಅಂತ. ಅಷ್ಟೇ ಸಾಕು, ಊಟ ಮಾಡೋಣ."

ಯಾರಾದರೂ ಆಗಿದ್ದರೆ ಹೇಳಿ ಮುಗಿಸುತ್ತಿದ್ದರು. ನನ್ನ ಗಂಡ ಒರತೆಯ ಕಣ್ಣಿನಲ್ಲಿ ಮೊಣಕೈವರೆಗೆ ಕೈ ಇಳಿಸಿದರು.  ಆ ನೀರಿಗೆ ಅವರು ಸುಳ್ಳು ಹೇಳುವವರಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ಸಾಲಿನವರು ಎದ್ದು ನಿಂತು ಕತ್ತು ಚಾಚಿದರು.

"ಒಂದು ಸಲ," ಎಂದರು ನನ್ನ ಗಂಡ.

ಗುಸುಗುಸು ಎದ್ದಿತು. ಯಾರೋ ಹುಡುಗಿ ಅಯ್ಯೋ ಎಂದಳು. ಪಾಕ್ ಸುಬಾರಿ ಬೇಸರದ ಮುಖದಲ್ಲಿ ಕಲ್ಲಿಗೆ ಒರಗಿಸಿದ್ದ ಪೊರಕೆಯ ಕಡೆ ಹೋದರು. ನನ್ನ ಗಂಡ ಅವರನ್ನು ತಡೆಯಲಿಲ್ಲ, ಯಾರನ್ನು ಎಂದೂ ಹೇಳಲಿಲ್ಲ. ನನ್ನ ಹೆಸರು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಊರ ಮುಂದೆ ನನ್ನ ಮಾನ ಹೋಗಬಾರದೆಂದು ಪೊರಕೆ ಬಿಟ್ಟುಕೊಡುತ್ತಿದ್ದರು ಆ ಪುಣ್ಯಾತ್ಮ.

ನನಗೆ ತಡೆಯಲಾಗಲಿಲ್ಲ. ಅನ್ನದ ಗೋಪುರವನ್ನು ಬಳಸಿಕೊಂಡು ಮುಂದೆ ಹೋದೆ.

"ಅವರು ನೋಡಿದ್ದು ನನ್ನನ್ನ," ಎಂದೆ. "ಮೂವತ್ತೊಂದು ವರ್ಷದ ಹಿಂದೆ, ಮದುವೆಗೆ ಮುಂಚೆ. ನನಗಾಗ ಇಪ್ಪತ್ತೆರಡು."

ಬುಡೆ ಕಣ್ಣು ಕಿರಿದು ಮಾಡಿದರು. "ನಿನಗೆ ಹೇಗೆ ಗೊತ್ತು? ಗಂಡನ್ನ ಉಳಿಸ್ಕೊಳ್ಳೋಕೆ ಹೇಳ್ತಿದೀಯ."

"ನನಗೆ ಅವತ್ತೇ ಗೊತ್ತಿತ್ತು ಬುಡೆ. ತಟ್ಟಿ ಕೆಳಗೆ ಕಾಲು ಕಾಣ್ತಿತ್ತು. ರಿಪೇರಿ ಮಾಡೋವಾಗ ಕೊಳವೆ ಬಿದ್ದು ಬಿದ್ದು ಕಾಲಿನ ಹೆಬ್ಬೆರಳ ಉಗುರು ಕಪ್ಪಾಗಿರೋದು ಊರಲ್ಲಿ ಇವರೊಬ್ಬರದ್ದೇ. ನನ್ನ ಸ್ನಾನ ಮುಗಿದಿತ್ತು. ಬಟ್ಟೆ ಹಿಂಡಿ ಹೊರಡೋದು ಅಷ್ಟೇ ಬಾಕಿ."

"ಮತ್ತೆ?"

"ಹೊರಡಲಿಲ್ಲ. ಇನ್ನೂ ಮೂರು ಕೊಡ ಹೊಯ್ಕೊಂಡೆ."

 ನನ್ನ ಮುಖ ಒಲೆಯ ಮುಂದೆ ಕೂತ ಹಾಗೆ ಸುಡುತ್ತಿತ್ತು. ಬುಡೆ ಗಿನೆಮ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಭುಜ ಅಲುಗಾಡತೊಡಗಿತು.

"ಮೂರೇನಾ? ನಿಮ್ಮ ದೊಡ್ಡಪ್ಪನಿಗೆ ನಾನು ಐದು ಹೊಯ್ಕೊಂಡಿದ್ದೆ."

ಒಬ್ಬರಾದ ಮೇಲೆ ಒಬ್ಬರು ನಗತೊಡಗಿದರು. ನಕ್ಕ ಹುಡುಗಿಯರನ್ನು ಅವರ ತಾಯಂದಿರು ಚಿವುಟಿದರು, ಚಿವುಟಿದ ತಾಯಂದಿರೂ ನಕ್ಕರು. ಪಾಕ್ ಸುಬಾರಿ ಪೊರಕೆಯನ್ನು ಎತ್ತಿಕೊಂಡದ್ದೇನೋ ನಿಜ, ಏನು ಮಾಡಬೇಕೆಂದು ತಿಳಿಯದೆ ನನ್ನ ಗಂಡನ ಒದ್ದೆಯಾಗದ ಕೈಗೇ ಅದನ್ನು ಕೊಟ್ಟರು. ಅವರ ಇನ್ನೊಂದು ಕೈ ಇನ್ನೂ ನೀರಿನಲ್ಲೇ ಇತ್ತು. ಅವರು ನನ್ನನ್ನೇ ನೋಡುತ್ತಿದ್ದರು.

ಊಟ ಮುಗಿಸಿ ಅವರು ಪೊರಕೆಯನ್ನು ಹೆಗಲಿಗೇರಿಸಿದರು. ಮನೆಗೆ ಹೊರಟಾಗ ನಾನು ಹಿಂದೆ, ಅವರು ಮುಂದೆ. ಗೆಣಸಿನ ಹೊಲದ ಹತ್ತಿರ ನಾನೇ ಬಾಯಿ ಬಿಟ್ಟೆ.

"ನಿಮ್ಮ ಮೇಲೆ ಅನುಮಾನಪಟ್ಟೆ ಕಾಂಗ್. ತಪ್ಪಾಯ್ತು."

ಅವರು ತಿರುಗಿ ನಿಂತರು. "ಅನುಮಾನ ಹಾಳಾಗ್ಲಿ. ನಿನಗೆ ಗೊತ್ತಿತ್ತಾ? ಮೂವತ್ತೊಂದು ವರ್ಷದಿಂದ ಗೊತ್ತಿತ್ತಾ?"

"ನೀವು ಕೇಳ್ಲಿಲ್ಲ."

"ಕೇಳ್ಬೇಕಿತ್ತಾ? ಏನಂತ ಕೇಳ್ಬೇಕಿತ್ತು? ದಿನಾ ನಿನ್ನ ಮುಖ ನೋಡಿದಾಗೆಲ್ಲ ನಾನು ಕಳ್ಳ, ನಾನು ಕಳ್ಳ ಅಂದ್ಕೊಂಡೇ ಬದುಕಿದೀನಿ. ನೀನು ಸಾಲದ್ದಕ್ಕೆ ಮೂರು ಕೊಡ ಹೊಯ್ಕೊಂಡು, ಆಮೇಲೆ ಏನೂ ತಿಳಿಯದವಳ ಹಾಗೆ ನನ್ನ ಕೈಲಿ ಬುಟ್ಟಿ ಹೊರಿಸಿದೀಯ. ನಿನ್ನ ನಾಲಗೆಗೆ ಏನಾಗಿತ್ತು? ಊರಿಗೆಲ್ಲ ಮಾತಾಡತ್ತೆ, ಮನೇಲಿ ಇದೊಂದು ಮಾತು ಆಡೋಕೆ ಏನು ರೋಗ ಬಂದಿತ್ತು ಅದಕ್ಕೆ?"

ಏರುದನಿ. ನನ್ನ ಗಂಡನದು. ಹಿಂದೆ ಬರುತ್ತಿದ್ದವರು ನಿಂತು ನೋಡಿದರು. ಅವರು ನಿಲ್ಲಿಸಲಿಲ್ಲ. ಪೊರಕೆಯನ್ನು ನೆಲಕ್ಕೆ ಕುಟ್ಟುತ್ತ, ಮೂವತ್ತೊಂದು ವರ್ಷದಲ್ಲಿ ಬೈಯಬೇಕಿದ್ದದ್ದನ್ನೆಲ್ಲ ಬೈದರು: ಸುಟ್ಟ ತೆಂಪೆಗೆ, ಮಗಳ ಮದುವೆಯಲ್ಲಿ ನಾನು ಹಟ ಹಿಡಿದದ್ದಕ್ಕೆ, ಅವರ ತಾಯಿಗೆ ನಾನು ಎದುರಾಡಿದ್ದಕ್ಕೆ, ಕುಡಿಸಿದ ಕಹಿಗೆಲ್ಲ. ಮನೆಯ ಬಾಗಿಲವರೆಗೂ ಬೈದರು. ನಾನು ತಲೆ ತಗ್ಗಿಸಿಕೊಂಡು ಹಿಂದೆ ಹಿಂದೆ ನಡೆದೆ, ಒಂದಕ್ಕೂ ಎದುರಾಡಲಿಲ್ಲ. ಗಂಡನ ಕೈಲಿ ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.